ಬಕೆಟ್ಟಿನ ಹೆಬ್ಬಾವು

“ಅಲ್ಲಾಡಬೇಡ ಅಪ್ಪಾ, ಇನ್ನೂ ಒಂದು ಮುಳ್ಳಿದೆ!”

“ಗುಲಾಬಿ ಸಾಕಿದೀನಿ ಅಂದೆ. ಇದು ಹೆಬ್ಬಾವು ಕಣೇ!”

ಅಪ್ಪ ಗೇಟಿನ ಬಳಿ ಕತ್ತು ಓರೆ ಮಾಡಿಕೊಂಡು ನಿಂತಿದ್ದ. ಮನೆಗಳಿಗೆ ವಯರಿಂಗ್ ಮಾಡುವುದು ಅವನ ಕೆಲಸ. ಹೆಗಲ ಮೇಲೆ ಏಣಿ, ಕೈಯಲ್ಲಿ ವಯರಿನ ಸುರುಳಿ. ಒಡೆದ ಬಕೆಟ್ಟಿನಿಂದ ಚಾಚಿಕೊಂಡ ಬಳ್ಳಿಗುಲಾಬಿ ಅವನ ಶರ್ಟಿನ ಕಾಲರನ್ನೇ ಹಿಡಿದುಬಿಟ್ಟಿತ್ತು. ಮಗಳು ತುದಿಗಾಲಲ್ಲಿ ನಿಂತು ಮುಳ್ಳು ಬಿಡಿಸುತ್ತಿದ್ದಳು. ಬಾಯಿ ಬಿಟ್ಟರೆ ‘ಯಾಕೆ’ ಅನ್ನುವ ಅವಳಿಗೆ ಮನೆಯಲ್ಲಿ ಯಾಕಮ್ಮ ಅಂತಲೇ ಹೆಸರು ಬಿದ್ದಿತ್ತು.

“ಮೊನ್ನೆ ಪೋಸ್ಟ್‌ಮನ್ನು, ಇವತ್ತು ನಿಮ್ಮಪ್ಪ,” ಎಂದಳು ಅಮ್ಮ, ತರಕಾರಿ ಪಾತಿಗೆ ನೀರು ಬಿಡುತ್ತಾ. “ನೋಡೇ ಯಾಕಮ್ಮ, ಭಾನುವಾರದೊಳಗೆ ಇದಕ್ಕೊಂದು ಜಾಗ ಹುಡುಕು. ಇಲ್ದಿದ್ರೆ ಕಸದ ಗಾಡಿಗೆ ಹಾಕ್ತೀನಿ. ನನ್ನ ಪಾತೀಲಿ ಮಾತ್ರ ಒಂದಿಂಚೂ ಕೊಡಲ್ಲ.”

“ಯಾಕೆ?”

“ಟೊಮೇಟೊ ತಿನ್ನಬಹುದು. ಇದನ್ನ ತಿಂತೀಯಾ?”

ಯಾಕಮ್ಮ ಬಳ್ಳಿಯ ಕಡೆ ತಿರುಗಿದಳು. ಈ ಬಳ್ಳಿ ಅತ್ತೆಯ ಮನೆಯದು. ಅಲ್ಲಿ ಅದು ಶೆಡ್ಡಿನ ಮೇಲೆ ಹಬ್ಬಿ, ತಗಡನ್ನೇ ಎತ್ತಿಹಾಕಿತ್ತು. ಶೆಡ್ ರಿಪೇರಿ ಮಾಡಿಸುವಾಗ ಅತ್ತೆ ಅದನ್ನು ಬುಡಸಮೇತ ಕೀಳಿಸಿಬಿಟ್ಟಳು. ಅದಕ್ಕೂ ಮುಂಚೆ ಯಾಕಮ್ಮ ತಂದಿದ್ದ ಪೆನ್ನಿನುದ್ದದ ಕಡ್ಡಿಯೇ ಈಗ ಅವಳಿಗಿಂತ ಎತ್ತರ ಬೆಳೆದಿತ್ತು. ಬಕೆಟ್ಟಿನ ಬಿರುಕಿನಿಂದ ಬೇರು ಇಣುಕುತ್ತಿತ್ತು. ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದವು.

ಸರಿ, ಹುಡುಕಾಟ ಶುರುವಾಯಿತು.

ನಲ್ಲಿಯ ಹತ್ತಿರ ಕಡ್ಡಿಯಿಂದ ಕೆದಕಿ ನೋಡಿದಳು. ಗುಂಡಿಯಲ್ಲಿ ನೀರು ನಿಂತು ಕೊಳೆತ ವಾಸನೆ ಬಂತು. ಬಟ್ಟೆ ಒಣಗಿಸುವ ತಂತಿಯ ಕೆಳಗೆ? “ನನ್ನ ಬೆಡ್‌ಶೀಟು ಜರಡಿ ಆಗೋಗುತ್ತೆ!” ಎಂದು ಅಮ್ಮ ಒಳಗಿನಿಂದಲೇ ಕೂಗಿದಳು.

ಉಳಿದದ್ದು ಒಂದೇ ಕಡೆ. ತೋಟದ ಆಚೆ ಬದಿಗೆ ಪಕ್ಕದ ಮನೆಯ ಉದ್ದನೆಯ ಗೋಡೆ ಇತ್ತು. ಅದರ ಬುಡದಲ್ಲಿ ಒಡಕು ಕುಂಡಗಳನ್ನು ಪೇರಿಸಿಟ್ಟ ಒಂದು ಸಣ್ಣ ಪಟ್ಟಿ. ನೆಲಕ್ಕೆ ನೆರಳು, ಗೋಡೆಯ ಮೇಲೆ ಒಳ್ಳೆ ಬಿಸಿಲು. ಆದರೆ ಆ ಗೋಡೆ ಗಡಿಯಾರದ ತಾತನದು.

ಗಡಿಯಾರ ರಿಪೇರಿ ಮಾಡುವ ತಾತ ಕಿಟಕಿಯ ಬಳಿ ಕೂತಿದ್ದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು.

“ತಾತಾ, ನಿಮ್ಮ ಗೋಡೆಗೆ ಗುಲಾಬಿ ಹತ್ತಿಸ್ಲಾ?”

“ಹತ್ತಿ ಎಲ್ಲಿಗೆ ಹೋಗುತ್ತೆ?”

“ಮೇಲಕ್ಕೆ.”

“ಮೇಲೆ ಏನಿದೆ?”

ಯಾಕಮ್ಮ ದನಿ ತಗ್ಗಿಸಿದಳು. “ನಿಮ್ಮ ಕಿಟಕಿ.”

“ನೋಡು, ಈ ಸ್ಕ್ರೂ ಸಾಸಿವೆಗಿಂತ ಸಣ್ಣದು. ಬೆಳಕಿಗೆ ನಿನ್ನ ಬಳ್ಳಿ ಅಡ್ಡ ಬಂದ್ರೆ ನಾನು ಗಡಿಯಾರ ರಿಪೇರಿ ಮಾಡ್ಲಾ, ಇಲ್ಲಾ ಕಣಿ ಹೇಳ್ಕೊಂಡು ಕೂರ್ಲಾ? ಆಗಲ್ಲಮ್ಮ.”

ಯಾಕಮ್ಮ ಸಪ್ಪೆ ಮುಖ ಹಾಕಿಕೊಂಡು ಬಂದು ಬಕೆಟ್ಟಿನ ಪಕ್ಕ ಕುಕ್ಕರಿಸಿದಳು. ಬಳ್ಳಿಯ ಒಂದು ಕೊಂಬೆ ನೆಟ್ಟಗೆ ನಿಂತಿತ್ತು. ಇನ್ನೊಂದು ಯಾವತ್ತೋ ಗಾಳಿಗೆ ವಾಲಿ, ಪಕ್ಕದಲ್ಲಿ ಪೇರಿಸಿದ್ದ ಇಟ್ಟಿಗೆಗಳ ಮೇಲೆ ಅಡ್ಡ ಮಲಗಿತ್ತು. ಪಾಪ, ಇದನ್ನಾದರೂ ಎತ್ತೋಣ ಎಂದು ಚಾಚಿದ ಅವಳ ಕೈ ಹಾಗೇ ನಿಂತಿತು.

ಮಲಗಿದ ಕೊಂಬೆಯ ಗೆಣ್ಣುಗೆಣ್ಣಿನಲ್ಲೂ ಕೆಂಪು ಚಿಗುರು! ಬೆಂಕಿಕಡ್ಡಿಯ ತಲೆಯಂತೆ ಎಲ್ಲವೂ ಮೇಲೆ ಮುಖ ಮಾಡಿದ್ದವು. ನೆಟ್ಟಗಿದ್ದ ಕೊಂಬೆಯನ್ನು ಬುಡದಿಂದ ನೋಡಿದಳು. ಚಿಗುರು ಇದ್ದದ್ದು ತುದಿಯಲ್ಲಿ ಮಾತ್ರ. ಮತ್ತೆ ಇದನ್ನು ನೋಡಿದಳು, ಮತ್ತೆ ಅದನ್ನು. ಯಾಕೆ ಹೀಗೆ?

ಯಾಕೋ ಏನೋ. ಅವಳು ಎದ್ದು ಓಡಿದಳು.

“ತಾತಾ! ಮೇಲಕ್ಕಲ್ಲ, ಅಡ್ಡಕ್ಕೆ! ನಿಮ್ಮ ಕಿಟಕಿ ಕೆಳಗೇ ಹಬ್ಬಿಸ್ತೀನಿ! ಬಂದು ನೋಡಿ!”

ಗೊಣಗುತ್ತಲೇ ಬಂದ ತಾತ ಬಗ್ಗಿ, ಭೂತಗನ್ನಡಿಯಲ್ಲಿ ಒಂದೊಂದೇ ಗೆಣ್ಣನ್ನು ನೋಡಿದರು. “ಅರೆ! ನಿಂತೋನಿಗೆ ಒಂದೇ ತಲೆ, ಮಲಗಿದೋನಿಗೆ ಮೈತುಂಬಾ ತಲೆ!”

“ಯಾಕೆ ತಾತಾ?”

“ಗಡಿಯಾರದೊಳಗಿಂದು ಕೇಳು, ಹೇಳ್ತೀನಿ. ಇದು ನಂಗೊತ್ತಿಲ್ಲ.” ತಾತ ಸೊಂಟ ಹಿಡಿದುಕೊಂಡು ಎದ್ದರು. “ಆಯ್ತು, ಹಬ್ಬಿಸು. ಕಿಟಕಿಗೆ ಬಂತೋ, ಕತ್ತರಿ ನನ್ನ ಕೈಲಿರುತ್ತೆ.”

ಭಾನುವಾರ ಕುಂಡಗಳು ಬೇರೆ ಕಡೆ ಹೋದವು. ಬಕೆಟ್ಟನ್ನು ಒಡೆದು, ಮಣ್ಣು ಉದುರದಂತೆ ಬಳ್ಳಿಯನ್ನು ನೆಟ್ಟರು. ಅಪ್ಪ ಗೋಡೆಗೆ ಕೊಕ್ಕೆ ಹೊಡೆದು, ಉದ್ದಕ್ಕೂ ತಂತಿ ಎಳೆದ. ಕೊಂಬೆಗಳನ್ನು ನಿಧಾನವಾಗಿ ಬಗ್ಗಿಸಿ, ವಯರುಗಳನ್ನು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳಿಂದ ಟರ್ರ್, ಟರ್ರ್ ಎಂದು ಎಳೆದು ಬಿಗಿದ.

“ಬಿರುಗಾಳಿ ಬಂದ್ರೂ ಕೂದಲೆಳೆಯಷ್ಟು ಅಲ್ಲಾಡಲ್ಲ,” ಎಂದು ಮೀಸೆ ತಿರುವಿದ.

ಮಳೆಯೂ ಬಂತು, ಬಿಸಿಲೂ ಬಂತು. ಬಳ್ಳಿ ದಿನದಿನಕ್ಕೆ ಹುರಿಗೊಂಡಿತು. ಒಂದು ಸಂಜೆ ಸ್ಕೂಲಿನಿಂದ ಬಂದ ಯಾಕಮ್ಮ, ಬ್ಯಾಗು ಇಳಿಸದೆ ಗೋಡೆಯ ಹತ್ತಿರ ನಿಂತೇ ಇದ್ದಳು. ಒಂದು ಕೊಂಬೆಯಲ್ಲಿ ಅರ್ಧದವರೆಗೆ ಚಿಗುರು ನಗುತ್ತಿತ್ತು. ಅಲ್ಲಿಂದಾಚೆ ಎಲೆಗಳು ಜೋತುಬಿದ್ದಿದ್ದವು. ಅವಳು ಎಲೆ ಸರಿಸಿದಳು. ಪ್ಲಾಸ್ಟಿಕ್ ಪಟ್ಟಿ ಹಸಿರು ತೊಗಟೆಯೊಳಗೆ ಹೂತುಹೋಗಿತ್ತು.

“ಅಪ್ಪಾ! ವಯರು ದಪ್ಪ ಆಗುತ್ತಾ?”

“ವಯರು ಯಾಕೆ ದಪ್ಪ ಆಗುತ್ತೆ? ಎಂಥ ಪ್ರಶ್ನೆ!”

“ಬಳ್ಳಿ ಆಗಿದೆ. ಬಾ ಇಲ್ಲಿ, ಬೇಗ!”

ಅಪ್ಪ ಬಂದು ನೋಡಿದ. ಪಟ್ಟಿಯ ಮೇಲೆ ಬೆರಳಾಡಿಸಿದ. ಒಳಗೆ ಹೋಗಿ ಕಟರ್ ತಂದು, ಉಸಿರು ಬಿಗಿಹಿಡಿದು ಪಟ್ಟಿಯನ್ನು ಕತ್ತರಿಸಿದ. ಕೊಂಬೆಯ ಸುತ್ತ ಉಂಗುರದಂಥ ಗುರುತು ಉಳಿಯಿತು.

“ಬದುಕುತ್ತಾ?”

“ಗೊತ್ತಿಲ್ಲ ಕಂದಾ. ಉಳಿದಿದ್ದನ್ನೂ ಬಿಚ್ಚೋಣ.”

ಅಮ್ಮ ಹಳೆ ಬಟ್ಟೆ ಹರಿದು ಲಾಡಿಯಂಥ ಪಟ್ಟಿಗಳನ್ನು ಮಾಡಿಕೊಟ್ಟಳು. ಅಪ್ಪ ಮೊದಲನೆಯದನ್ನು ಸುತ್ತಿ, ಅಭ್ಯಾಸಬಲದಿಂದ ಎಳೆಯಹೋದ. “ಇರು,” ಎಂದು ಯಾಕಮ್ಮ ಕೊಂಬೆಗೂ ಬಟ್ಟೆಗೂ ನಡುವೆ ತನ್ನ ಬೆರಳು ತೂರಿಸಿದಳು. “ಈಗ ಕಟ್ಟು.”

ಅಪ್ಪ ಬೆರಳನ್ನೂ ಸೇರಿಸಿ ಗಂಟು ಹಾಕಿದ. ಅವಳು ಬೆರಳು ಎಳೆದುಕೊಂಡಳು. ಮುಂದಿನದಕ್ಕೂ ಹಾಗೇ. ಕೊನೆಯ ಗಂಟಿನ ಹೊತ್ತಿಗೆ ಅವಳು ಹೇಳಬೇಕಾಗಿರಲಿಲ್ಲ. ಅಪ್ಪನೇ ಬಟ್ಟೆ ಸುತ್ತಿ, ಅವಳ ಬೆರಳಿಗಾಗಿ ಕಾಯುತ್ತಾ ನಿಂತಿದ್ದ.

ಗಾಳಿ ಬೀಸಿತು. ಗಂಟಿನೊಳಗೆ ಕೊಂಬೆ ಕೊಂಚ ಅಲ್ಲಾಡಿತು, ಬೀಳಲಿಲ್ಲ. ಯಾಕಮ್ಮ ಬೆರಳು ಬಿಟ್ಟ ಸಂದನ್ನೇ ನೋಡಿದಳು. ಬಳ್ಳಿ ಇನ್ನೂ ದಪ್ಪವಾಗುತ್ತದೆ, ಇಷ್ಟು ಸಂದು ಎಷ್ಟು ದಿನಕ್ಕೆ ಸಾಕು?

“ಅಪ್ಪಾ, ಮಿಕ್ಕ ಬಟ್ಟೆ ಎಸೀಬೇಡ,” ಎಂದಳು. “ಮತ್ತೆ ಬಿಚ್ಚಿ ಕಟ್ಟಬೇಕಾಗುತ್ತೆ.”