ಕಪ್ತಾನನ ದನಿ

"ನಡುಗಡಲಲ್ಲಿ ದಡ ಎಲ್ಲಿಂದ ಬರ್ಬೇಕು ಮೇಡಂ?"

ಗಾಜಿನ ಆಚೆ ಮೈಕಿನ ಮುಂದೆ ನಿಂತಿದ್ದವನು ಹೀಗೆ ಕೇಳಿದಾಗ ಈಚೆಯ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಇಂಪನಾ ಮಾತ್ರ ನಗಲಿಲ್ಲ.

ಮರಾಠಿ ನೆಲದ ಆ ನಗರದಲ್ಲಿ, ಕೋಥರೂಡ್ ಬಡಾವಣೆಯ ಆ ಸಣ್ಣ ಡಬ್ಬಿಂಗ್ ಸ್ಟುಡಿಯೋದಲ್ಲಿ ಅದು ಅವಳ ಮೊದಲ ದಿನ. ಕಡಲ್ಗಳ್ಳರ ಕಥೆಯಿರುವ ವಿದೇಶಿ ಧಾರಾವಾಹಿಯೊಂದು 'ಉಪ್ಪುಗಾಳಿ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬರುತ್ತಿತ್ತು. ಸಂಭಾಷಣೆ ಬರೆದವಳು ಇಂಪನಾ; ಮುದ್ರಣದಲ್ಲಿ ಉಚ್ಚಾರ ನೋಡಿಕೊಳ್ಳುವ ಹೊಣೆಯೂ ಅವಳದೇ. ಅದೇ ಊರಿನ ವಿಮಾನ ನಗರದ ಅನುವಾದ ಕಂಪನಿಯಲ್ಲಿ ಮೂರು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಲೆ ಅವಳೊಬ್ಬಳ ಹೆಸರಿಗೆ ಬಂದ ಮೊದಲ ಕೆಲಸ ಅದು.

ಕಡಲ್ಗಳ್ಳರ ಕಪ್ತಾನನಿಗೆ ದನಿ ಕೊಡುತ್ತಿದ್ದವನು ಪೃಥ್ವಿರಾಜ್. ಊರು ಮಲ್ಪೆಯ ಹತ್ತಿರ. ಖಡಕಿಯಲ್ಲಿ ಅಪ್ಪನ ಹೋಟೆಲು ನೋಡಿಕೊಳ್ಳುತ್ತಾ, ಬಿಡುವಿನಲ್ಲಿ ಜಾಹೀರಾತುಗಳಿಗೆ ದನಿ ಕೊಡುತ್ತಾ ಇದ್ದವನಿಗೆ ಇಷ್ಟು ದೊಡ್ಡ ಪಾತ್ರ ಸಿಕ್ಕಿದ್ದು ಇದೇ ಮೊದಲು.

ಬಿರುಗಾಳಿ ಎದ್ದಾಗ ಕಪ್ತಾನ ತನ್ನವರಿಗೆ ಕೂಗಿ ಹೇಳುವ ಮಾತನ್ನು ಅವಳು 'ಹಡಗನ್ನು ದಡಕ್ಕೆ ಕಟ್ಟಿ' ಎಂದು ಬರೆದಿದ್ದಳು. ಪರದೆಯ ಮೇಲೆ ಸುತ್ತ ನೀರು ಬಿಟ್ಟರೆ ಏನೂ ಇರಲಿಲ್ಲ. 'ಹಾಯಿ ಇಳಿಸಿ' ಎನ್ನಲೇ ಎಂದು ಅವನು ಕೇಳಿದ್ದು ವಿನಯದಿಂದಲೇ. ಆದರೆ ಸ್ಟುಡಿಯೋದ ಒಡತಿ ಮಾಧುರಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಧ್ವನಿಮುದ್ರಣ ಮಾಡುತ್ತಿದ್ದ ಮಹೇಶಕುಮಾರ, ಪೃಥ್ವಿರಾಜನ ಹಳೆಯ ಗೆಳೆಯ, ಮೇಜು ತಟ್ಟಿಕೊಂಡು ನಕ್ಕಿದ್ದ.

ಇಂಪನಾಳ ಕಿವಿ ಬಿಸಿಯಾಯಿತು. ಮೈಸೂರಿನವಳಾದ ಅವಳು ಸಮುದ್ರ ಕಂಡದ್ದು ಕಾಲೇಜಿನ ಪ್ರವಾಸದಲ್ಲಿ ಒಂದೇ ಸಲ. ತಪ್ಪಾಯಿತು ಎಂದು ತಾನೂ ನಕ್ಕುಬಿಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಅವಳು ಹಾಗೆ ಮಾಡಲಿಲ್ಲ. ಅಲ್ಲಿಂದ ಮುಂದೆ ಅವನ ಪ್ರತಿ ಸಾಲಿನಲ್ಲೂ ಉಚ್ಚಾರ ಸರಿಯಿಲ್ಲವೆಂದಳು. ಒಂದು ಮಾತನ್ನಂತೂ ಹದಿನಾರು ಸಲ ಹೇಳಿಸಿದಳು. ಅವನು ಬೇಸರಿಸದೆ ಹದಿನಾರು ಸಲವೂ ಹೇಳಿದ. 'ಮಗನೇ, ನಿನ್ನ ಕನ್ನಡಕ್ಕ ಮೀನಿನ ವಾಸನಿ ಅದ' ಎಂದು ಮಹೇಶಕುಮಾರ ಗೆಳೆಯನನ್ನು ರೇಗಿಸಿದ. ಆ ತಮಾಷೆಯೇ ಅವಳಿಗೆ ಕಾರಣವೊಂದನ್ನು ಕೈಗಿತ್ತಂತಾಯಿತು.

ಸಂಜೆ ಮನೆಗೆ ಮರಳುವ ಕ್ಯಾಬ್‌ನಲ್ಲಿ ಕುಳಿತು ಮುಂಬೈಯ ಚಾನೆಲ್ ಕಚೇರಿಗೆ ದಿನದ ವರದಿ ಬರೆದಳು. 'ಮುಖ್ಯ ಪಾತ್ರದ ದನಿಯಲ್ಲಿ ಪ್ರಾದೇಶಿಕ ಛಾಯೆ ಗಾಢವಾಗಿದೆ. ಬದಲಾಯಿಸುವುದು ಸೂಕ್ತ.'

ಹೆಚ್ಚೆಂದರೆ ನಾಲ್ಕು ಸಾಲು ಮತ್ತೆ ಹೇಳಿಸುತ್ತಾರೆ, ಅಷ್ಟೇ ತಾನೇ... ಎಂದುಕೊಂಡು ಕಳುಹಿಸಿಬಿಟ್ಟಳು.

ಮೂರು ಕಂತುಗಳ ಕೆಲಸ ಮುಗಿದ ಮೇಲೆ ಮುಂಬೈಯಿಂದ ಉತ್ತರ ಬಂತು. ಪ್ರಾದೇಶಿಕ ಛಾಯೆಯ ಕಾರಣಕ್ಕೆ ಕಪ್ತಾನನ ದನಿಯನ್ನು ಬದಲಾಯಿಸಬೇಕು, ಮೊದಲಿನಿಂದ ಮುದ್ರಿಸಬೇಕು.

ಇಂಪನಾ ಆ ಇಮೇಲನ್ನು ಐದಾರು ಸಲ ಓದಿದಳು. ಆ ಹೊತ್ತಿಗೆ ಅವಳ ಸಿಟ್ಟು ಎಂದೋ ಇಳಿದಿತ್ತು. ಆ ಮೂರು ಕಂತುಗಳಲ್ಲಿ ಅವನ ದನಿ ಎಷ್ಟು ಚೆನ್ನಾಗಿದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ವಿಷಯ ತಿಳಿದ ದಿನ ಪೃಥ್ವಿರಾಜ್ ಎಲ್ಲರಿಗೂ ಗೋಳಿಬಜೆಯ ಪೊಟ್ಟಣ ತಂದಿದ್ದ. ಚಾನೆಲ್‌ನವರ ಇಷ್ಟ, ಯಾರ ಮೇಲೂ ಬೇಸರವಿಲ್ಲ ಎಂದ. ಹೊರಡುವ ಮುನ್ನ ಇಂಪನಾಳ ಬಳಿ ಬಂದು, ಅಷ್ಟು ತಾಳ್ಮೆಯಿಂದ ಉಚ್ಚಾರ ತಿದ್ದಿದವರು ಬೇರೆ ಯಾರೂ ಇಲ್ಲವೆಂದು ಕೈಮುಗಿದ.

ಅವಳು ಕೈಯಲ್ಲಿದ್ದ ಬಿಸಿ ಬಜೆಯನ್ನು ಮತ್ತೆ ಪೊಟ್ಟಣದಲ್ಲಿಟ್ಟು ಮಡಚಿದಳು.

ಎರಡು ವಾರ ಅವಳು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಳು. ಮೂರನೆಯ ಶನಿವಾರ, ಮುಂದಿನ ಕಂತುಗಳಿಗೆ ಹಡಗಿನ ಪದಗಳು ಬೇಕೆಂಬ ನೆವ ಹಿಡಿದು, ಖಡಕಿಯ ಅವನ ಹೋಟೆಲಿಗೆ ಹೋದಳು. ಹೇಳಿಬಿಡಬೇಕು... ಇವತ್ತೇ ಹೇಳಿಬಿಡಬೇಕು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವನ ತಂದೆ ಲೋಕನಾಥ ಕುಳಿತಿದ್ದರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡು ನಾಲ್ಕು ವರ್ಷವಾಗಿತ್ತು. ದನಿಯಿಂದಲೇ ಗಿರಾಕಿಗಳನ್ನು ಗುರುತಿಸಿ, ಕೆಲವರಿಗೆ ಮರಾಠಿಯಲ್ಲಿ, ಕೆಲವರಿಗೆ ಕನ್ನಡದಲ್ಲಿ ಸ್ವಾಗತ ಹೇಳುತ್ತಿದ್ದರು. ಅವಳು ಸ್ಟುಡಿಯೋದವಳೆಂದು ತಿಳಿದೊಡನೆ ಅವರ ಮುಖ ಅರಳಿತು.

"ನನ್ನ ಮಗನ ಕಪ್ತಾನ ಟಿವಿಯಲ್ಲಿ ಯಾವಾಗ ಬರ್ತಾನೆ? ಇಲ್ಲಿ ಎಲ್ರಿಗೂ ಹೇಳಿ ಇಟ್ಟಿದ್ದೇನೆ. ನಂಗೆ ಚಿತ್ರ ಬೇಡ, ದನಿ ಕೇಳಿದ್ರೆ ಸಾಕು."

ಅವರ ಬೆನ್ನ ಹಿಂದೆ ನಿಂತಿದ್ದ ಪೃಥ್ವಿರಾಜ್ ಬೇಡವೆಂದು ತಲೆಯಾಡಿಸಿದ. ಅವನ ಕಣ್ಣುಗಳು ಬೇಡಿಕೊಳ್ಳುತ್ತಿದ್ದವು. ಅಪ್ಪನಿಗೆ ಅವನು ಹೇಳಿರಲೇ ಇಲ್ಲ!

"ಇನ್ನೆರಡು ತಿಂಗಳು ಅಂಕಲ್," ಎಂದಳು ಇಂಪನಾ. ಒಂದು ತಪ್ಪನ್ನು ಒಪ್ಪಿಕೊಳ್ಳಲು ಬಂದವಳು ಇನ್ನೊಂದು ಸುಳ್ಳಿಗೆ ಜೊತೆಯಾಗಿದ್ದಳು.

ಆಮೇಲೆ ಪ್ರತಿ ಶನಿವಾರ ಅವಳು ಹೋಗತೊಡಗಿದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಪೃಥ್ವಿರಾಜ್ ಅವಳ ಎದುರು ಕುಳಿತು, ದೋಣಿಗಳಿದ್ದ ಅಜ್ಜನ ಮನೆಯಲ್ಲಿ ಕೇಳಿದ ಪದಗಳನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದ. ಗಾಳಿ ಯಾವ ದಿಕ್ಕಿನಿಂದ ಬಂದರೆ ಏನು ಮಾಡಬೇಕು, ಚುಕ್ಕಾಣಿ ಹಿಡಿದವನು ಯಾರ ಮಾತು ಕೇಳಬೇಕು... ತನ್ನಿಂದ ಕಿತ್ತುಕೊಂಡ ಪಾತ್ರದ ಮಾತುಗಳನ್ನು ಅವನೇ ಸಂತೋಷದಿಂದ ತಿದ್ದುತ್ತಿದ್ದ. ಅವಳಿಗೆ ಖಾರ ಆಗದೆಂದು ಅಡುಗೆಯವರಿಗೆ ಬೇರೆ ಚಟ್ನಿ ಮಾಡಲು ಹೇಳಿದ್ದ.

ಇವನು ಹೀಗಿರಬಾರದಿತ್ತು... ಸ್ವಲ್ಪ ಕೆಟ್ಟವನಾಗಿದ್ದರೂ ನನಗೆ ಸುಲಭವಾಗುತ್ತಿತ್ತು... ಎಂದು ವಿಮಾನ ನಗರಕ್ಕೆ ಮರಳುವ ದಾರಿಯುದ್ದಕ್ಕೂ ಅವಳ ಮನಸ್ಸು ಕುದಿಯುತ್ತಿತ್ತು. ವಾರದ ಐದು ದಿನ ಹೇಳುವ ಮಾತನ್ನು ಅಣಿಮಾಡಿಕೊಳ್ಳುತ್ತಿದ್ದಳು. ಆರನೆಯ ದಿನ ಅವನ ಮುಖ ಕಂಡೊಡನೆ ಮರೆಮಾಚುತ್ತಿದ್ದಳು. ಮೊದಲು ಅವಳು ಹೆದರಿದ್ದು ನಾಚಿಕೆಗೆ. ಈಗ ಅವನನ್ನು ಕಳೆದುಕೊಳ್ಳುವುದಕ್ಕೆ.

ಒಂದು ಶನಿವಾರ ಅವಳು ಮಾತಿನ ನಡುವೆ ಮಹೇಶಕುಮಾರನ ಹೆಸರೆತ್ತಿದಾಗ ಪೃಥ್ವಿರಾಜನ ಮುಖ ಗಂಟಿಕ್ಕಿತು. ಮುಂಬೈಯವರ ಕಿವಿ ಊದಿದವನು ಅವನೇ ಇರಬೇಕು ಎಂದ. ಮೀನಿನ ವಾಸನೆಯ ಮಾತಾಡಿದವನು ಅವನೊಬ್ಬನೇ ತಾನೇ? ಹನ್ನೆರಡು ವರ್ಷದ ಗೆಳೆತನ. ಈಗ ಅವನ ಫೋನನ್ನೂ ಎತ್ತುವುದಿಲ್ಲವಂತೆ.

"ಅವರೇ ಅಂತ... ನಿಮಗೆ ಖಾತ್ರಿಯಾಗಿ ಗೊತ್ತಾ?" ಎಂದಷ್ಟೇ ಅವಳ ಬಾಯಿಂದ ಹೊರಟಿತು.

"ಇನ್ಯಾರು ಉಂಟು, ಹೇಳಿ?"

ಅವಳು ಹೇಳಲಿಲ್ಲ. ಅವನು ಅವಳ ಲೋಟಕ್ಕೆ ಮಜ್ಜಿಗೆ ತುಂಬಿದ. ಆ ಮೌನಕ್ಕಾಗಿ ಅವಳು ಮುಂದೆಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಅದರ ಮುಂದಿನ ಶನಿವಾರ ಮಹೇಶಕುಮಾರನೇ ಹೋಟೆಲಿಗೆ ಬಂದ. ಕೈಯಲ್ಲಿ ಮಗಳ ನಾಮಕರಣದ ಆಮಂತ್ರಣವಿತ್ತು. ಅವನನ್ನು ಕಂಡವನೇ ಪೃಥ್ವಿರಾಜ್ ಎದ್ದು ಅಡುಗೆಮನೆಗೆ ಹೋದ. ಲೋಕನಾಥರು ಆಮಂತ್ರಣ ತೆಗೆದುಕೊಂಡು ಚಹಾ ತರಿಸಿದರು. ಮಹೇಶಕುಮಾರ ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಬಹಳ ಹೊತ್ತು ಕುಳಿತ. ಚಹಾ ಹಾಗೇ ಆರಿತು. ಕೊನೆಗೆ ಎದ್ದು, "ಅಂವಗ ನಾ ಬಂದಿದ್ದೆ ಅಂತ ಹೇಳ್ರಿ," ಎಂದು ಹೊರಟುಹೋದ.

ಇಂಪನಾಳಿಗೆ ಇನ್ನು ಕೂರಲಾಗಲಿಲ್ಲ. ನೇರ ಅಡುಗೆಮನೆಗೆ ನಡೆದಳು. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಅವರಲ್ಲ ಪೃಥ್ವಿ. ಆ ರಿಪೋರ್ಟ್ ಬರೆದಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ.

"ಆ ದಿನ ಎಲ್ಲರೂ ನಕ್ಕರಲ್ಲ... ನನಗೆ ಸಿಟ್ಟು ಬಂತು. ನಿಮ್ಮ ವಾಯ್ಸ್ ಚೇಂಜ್ ಮಾಡಿ ಅಂತ ಬರೆದೆ. ನಿಮ್ಮ ದನಿಯಲ್ಲಿ ಏನೂ ತಪ್ಪಿರಲಿಲ್ಲ. ತಪ್ಪಿದ್ದಿದ್ದು ನಾನು ಬರೆದ ಸಾಲಲ್ಲಿ. ಇಷ್ಟು ದಿನ ಹೇಳೋಕೆ ಧೈರ್ಯ ಬರಲಿಲ್ಲ."

ಪೃಥ್ವಿರಾಜ್ ಕೈಯಲ್ಲಿದ್ದ ಸೌಟನ್ನು ಮೆಲ್ಲನೆ ಕೆಳಗಿಟ್ಟ. ಬೈಯಲಿ... ಕೂಗಾಡಲಿ... ಎಂದು ಅವಳು ಕಾದಳು.

"ಕಳೆದ ಶನಿವಾರ ನಾನು ಮಹೇಶನ ಹೆಸರು ಹೇಳಿದಾಗ ನೀವು ಎದುರಲ್ಲೇ ಇದ್ರಿ," ಎಂದ. ಅವನ ದನಿ ಬಹಳ ತಗ್ಗಿತ್ತು. "ನನ್ನ ಪಾತ್ರ ಹೋದದ್ದು ಇರ್ಲಿ. ಅವತ್ತು ಯಾಕೆ ಸುಮ್ಮನಾದ್ರಿ?"

ಉತ್ತರಕ್ಕೂ ಕಾಯದೆ ಅವನು ಹಿಂಬಾಗಿಲಿನಿಂದ, ಚಪ್ಪಲಿಯನ್ನೂ ಮೆಟ್ಟದೆ, ಗೆಳೆಯ ಹೋದ ಬಸ್‌ಸ್ಟಾಪಿನ ಕಡೆ ಓಡಿದ.

ಅರ್ಧ ಗಂಟೆಯಾದರೂ ಅವನು ಮರಳಲಿಲ್ಲ. ಇಂಪನಾ ಕಣ್ಣೊರೆಸಿಕೊಂಡು ಹೊರಟಾಗ ಬಾಗಿಲ ಬಳಿಯ ಕುರ್ಚಿಯಿಂದ ಲೋಕನಾಥರು ಅವಳನ್ನು ಕರೆದರು.

"ಕಣ್ಣು ಹೋದದ್ದು ಮಗಾ, ಕಿವಿ ಉಂಟು. ಗೋಡೆ ಅಂಥಾ ದಪ್ಪ ಇಲ್ಲ." ಅವರು ಗೋಡೆ ತಟ್ಟಿ ತೋರಿಸಿದರು. "ಅವ ಕಪ್ತಾನ ಅಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ದಿನಾ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಮಾತು ಅಭ್ಯಾಸ ಮಾಡ್ತಿದ್ದ. ಒಂದು ದಿನ ನಿಂತೇ ಹೋಯ್ತು. ಅವ ಹೇಳ್ಲಿ ಅಂತ ಕಾದೆ. ಅವನಿಗೆ ನೋವು ಯಾಕೆ ಅಂತ, ಗೊತ್ತಿಲ್ಲದವನ ಹಾಗೆ ಕಪ್ತಾನ ಯಾವಾಗ ಬರ್ತಾನೆ ಅಂತ ಕೇಳ್ತಾನೇ ಇದ್ದೆ."

ಅವಳು ಅವರ ಕಾಲ ಬಳಿ ಕುಸಿದು ಕುಳಿತು ಕ್ಷಮೆ ಕೇಳಿದಳು.

"ನೀನು ಮಾಡಿದ್ದು ಸಣ್ಣದಲ್ಲ," ಎಂದರು ಲೋಕನಾಥರು. ಆದರೆ ಅವರ ಕೈ ಅವಳ ತಲೆಯ ಮೇಲಿತ್ತು.

ಮರುದಿನ ಅವಳು ಮಹೇಶಕುಮಾರನ ಮನೆ ಹುಡುಕಿಕೊಂಡು ಹೋದಳು. ಪೃಥ್ವಿರಾಜ್ ಆಗಲೇ ಅವನಿಗೆ ಎಲ್ಲ ಹೇಳಿದ್ದ. ಅವಳನ್ನು ಒಳಗೆ ಕರೆದು ಕೂರಿಸಿದನಾದರೂ ಅವನು ನಗಲಿಲ್ಲ.

"ಅಂವಗ ಫೋನ್ ಹಚ್ಚಿ ಹಚ್ಚಿ ಸಾಕಾಗಿತ್ರಿ. ನಾ ಏನ್ ತಪ್ಪು ಮಾಡೀನಿ ಅನ್ನೂದ ತಿಳೀಲಿಲ್ಲ. ಅದ ಭಾಳ ತ್ರಾಸ ಆತು," ಎಂದ. ಆಮೇಲೆ ಹೆಂಡತಿ ತ್ರಿವೇಣಿಯನ್ನು ಕರೆದು ಮಗುವನ್ನು ತರಿಸಿ ಅವಳ ಮಡಿಲಲ್ಲಿಟ್ಟ.

ಸೋಮವಾರ ಮುಂಬೈಗೆ ಮೇಲ್ ಬರೆದಳು. ಮೊದಲ ವರದಿಯನ್ನು ತಾನು ವೈಯಕ್ತಿಕ ಸಿಟ್ಟಿನಿಂದ ಬರೆದದ್ದು, ಕಲಾವಿದನಲ್ಲಿ ಯಾವ ಕೊರತೆಯೂ ಇರಲಿಲ್ಲ, ಮುಂದಿನ ಕಂತುಗಳ ಹಡಗಿನ ಭಾಷೆಯೆಲ್ಲ ಅವನೇ ತಿದ್ದಿದ್ದು... ಒಂದನ್ನೂ ಮುಚ್ಚಿಡಲಿಲ್ಲ.

ಎರಡೇ ದಿನಕ್ಕೆ ಕಂಪನಿ ಅವಳನ್ನು 'ಉಪ್ಪುಗಾಳಿ'ಯಿಂದ ತೆಗೆದು ಮತ್ತೆ ಬೇರೆಯವರ ಕೈಕೆಳಗೆ ಹಾಕಿತು. ಕಪ್ತಾನನ ಪಾತ್ರ ಪೃಥ್ವಿರಾಜನಿಗೆ ಮರಳಲಿಲ್ಲ. ಹೊಸ ದನಿಯ ಮುದ್ರಣ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆದರೆ ಹಳೆಯ ಮೂರು ಕಂತುಗಳನ್ನು ಮತ್ತೆ ಕೇಳಿದ ಮುಂಬೈಯವರು, ಕೊನೆಯ ಕಂತುಗಳಲ್ಲಿ ಬರುವ ಕಪ್ತಾನನ ವೈರಿಯ ಪಾತ್ರಕ್ಕೆ ಅವನನ್ನು ಕರೆಸಲು ಮಾಧುರಿಗೆ ಹೇಳಿದರು.

ಇಂಪನಾಳಿಗೆ ಅದು ಗೊತ್ತಾದದ್ದು ಮೂರು ವಾರಗಳ ನಂತರ, ತನ್ನ ಬಳಿಯಿದ್ದ ಕಡತಗಳನ್ನು ಹಿಂತಿರುಗಿಸಲು ಸ್ಟುಡಿಯೋಗೆ ಹೋದ ದಿನ. ಅಷ್ಟೂ ದಿನ ಅವನಿಂದ ಒಂದು ಮಾತೂ ಬಂದಿರಲಿಲ್ಲ. ಅವಳೂ ಕರೆ ಮಾಡಿರಲಿಲ್ಲ. ಯಾವ ಮುಖ ಹೊತ್ತು ಮಾಡಲಿ...

ಕಡತಗಳನ್ನು ಒಪ್ಪಿಸಿ ಮೆಟ್ಟಿಲಿಳಿಯುತ್ತಿದ್ದಾಗ ಅವನು ಹತ್ತಿ ಬರುತ್ತಿದ್ದ. ಇಬ್ಬರೂ ನಿಂತರು. ಕೆಳಗೆ ರಸ್ತೆಯಲ್ಲಿ ಸ್ಕೂಟರುಗಳ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು.

ಅವಳು ಗೋಡೆಗೆ ಸರಿದು ದಾರಿ ಬಿಟ್ಟಳು. ಅವನು ಹತ್ತಲಿಲ್ಲ.

"ನೀವು ಮುಂಬೈಗೆ ಬರೆದ ಮೇಲ್ ಅವರು ಮಾಧುರಿಗೂ ಕಳಿಸಿದ್ರು, ಮಾಧುರಿ ತೋರಿಸಿದ್ರು," ಎಂದ. "ಅಷ್ಟೆಲ್ಲ ಬರೀಬೇಕಾಗಿರ್ಲಿಲ್ಲ. ನಿಮ್ಮ ಕೆಲಸ ಹೋಯ್ತಲ್ಲ."

"ಹೋಗಬೇಕಿತ್ತು ಪೃಥ್ವಿ. ಅದರ ಬಗ್ಗೆ ಏನೂ ಅನ್ನಿಸ್ತಿಲ್ಲ."

"ಮತ್ತೆ ಯಾವುದರ ಬಗ್ಗೆ ಅನ್ನಿಸ್ತದೆ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ತಡೆಯಲಾಗಲಿಲ್ಲ. "ನೀವು ಒಳ್ಳೆಯವರು ಅಂತ ಗೊತ್ತಾದ ಮೇಲೂ ನಾನು ಸುಳ್ಳು ಹೇಳ್ತಾ ನಿಮ್ಮ ಎದುರು ಕೂತಿದ್ದೆ. ನಿಮ್ಮನ್ನ ಪ್ರೀತಿಸ್ತಾ ಇದ್ದೀನಿ ಅಂತ ಗೊತ್ತಾದ ಮೇಲೂ..."

ಪೃಥ್ವಿರಾಜ್ ಒಂದು ಮೆಟ್ಟಿಲು ಮೇಲೆ ಬಂದು ಅವಳ ಸಮಕ್ಕೆ ನಿಂತ.

"ಮೂರು ವಾರದಿಂದ ನಿಮ್ಮನ್ನ ಮರೀಲಿಕ್ಕೆ ನೋಡಿದೆ. ಆಗ್ಲಿಲ್ಲ. ಕ್ಷಮಿಸ್ಲಿಕ್ಕೆ ನೋಡಿದೆ. ಅದೂ ಪೂರ್ತಿ ಆಗ್ಲಿಲ್ಲ ಇಂಪನಾ. ಸುಳ್ಳು ಯಾಕೆ ಹೇಳಲಿ?"

"ನನಗೆ ಅರ್ಥ ಆಗುತ್ತೆ," ಎಂದಳು ಅವಳು. ಹೊರಡಲು ತಿರುಗಿದಳು.

ಅವನು ಅವಳ ಕೈ ಹಿಡಿದ.

"ಪೂರ್ತಿ ಕೇಳಿ. ನಂಗೆ ಸ್ವಲ್ಪ ಸಮಯ ಬೇಕು. ಆದ್ರೆ ಆ ಸಮಯದಲ್ಲಿ ನೀವು ದೂರ ಇರೋದು ಬೇಡ."

ಇಂಪನಾ ಅವನ ಮುಖ ನೋಡಿದಳು. ಅವನ ಕಣ್ಣುಗಳೂ ತುಂಬಿದ್ದವು.

"ಎಷ್ಟು ದಿನ ಆದರೂ?" ಎಂದು ಕೇಳಿದಳು.

"ಎಷ್ಟು ದಿನ ಆದ್ರೂ."

"ಇರ್ತೀನಿ," ಎಂದಳು ಇಂಪನಾ. ಅವನ ಹಿಡಿತದಲ್ಲಿದ್ದ ಬೆರಳುಗಳನ್ನು ಬಿಡಿಸಿಕೊಳ್ಳಲಿಲ್ಲ.