ಸೋಲ್‌ಪೊ ಶಾಲೆಯ ಬೂದು ಪೆಟ್ಟಿಗೆ

ಅಕ್ಟೋಬರ್ ಎರಡನೆಯ ಸೋಮವಾರ, ಬೆಳಿಗ್ಗೆ ಎಂಟೂಕಾಲಿಗೆ ಸೋಲ್‌ಪೊ ಬಂದರು ಠಾಣೆಗೆ ಕಳವಿನ ದೂರು ಬಂತು. ತಂದವರು ಪ್ರಾಥಮಿಕ ಶಾಲೆಯ ಶಿಕ್ಷಕಿ ಪ್ಯೋ ಇನ್-ಸೂಕ್. ಮೀನು ಹರಾಜುಕಟ್ಟೆಯ ಪಕ್ಕದ ರಸ್ತೆಯಲ್ಲಿ ಓಡಿಕೊಂಡೇ ಬಂದಿದ್ದರು. ತರಗತಿಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ ಕಾಲಲ್ಲೇ ಇತ್ತು, ಪೂರಾ ಒದ್ದೆ.

ಇನ್‌ಸ್ಪೆಕ್ಟರ್ ಮಾ ಸುನ್-ಯಂಗ್ ಕುರ್ಚಿ ತೋರಿಸಿದಳು. ದೊಡ್ಡ ಊರಿನ ಕೊಲೆ ವಿಭಾಗದಲ್ಲಿ ಬಹಳ ಕಾಲ ದುಡಿದು, ಹೋದ ವರ್ಷವಷ್ಟೇ ಕೇಳಿಕೊಂಡು ಈ ಬಂದರಿಗೆ ವರ್ಗವಾಗಿ ಬಂದವಳು ಆಕೆ. ಇಲ್ಲಿ ಬಲೆ ಕದ್ದವರು, ಕುಡಿದು ಬಡಿದಾಡಿದವರು ಬಿಟ್ಟರೆ ಬೇರೆ ಪ್ರಕರಣ ಕಡಿಮೆ.

"ಏನೇನು ಹೋಗಿದೆ?"

"ಪ್ರಸಾರ ಕೋಣೆಯ ಸಾಮಾನು ಮೇಡಂ. ಸೌಂಡ್ ಮಿಕ್ಸರ್, ಸ್ಪೀಕರ್ ಜೋಡಿ, ತಂತಿಯಿಲ್ಲದ ಮೈಕುಗಳು, ವೈರಿನ ಡಬ್ಬ. ಆಮೇಲೆ ಒಂದು ಬೂದು ಪೆಟ್ಟಿಗೆ."

"ಪೆಟ್ಟಿಗೇಲಿ ಏನಿತ್ತು?"

"ಒಂದು ಮಗೂನ ಕಿವಿ."

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಕಾನ್‌ಸ್ಟೇಬಲ್ ತಾಕ್‌ಗೆ ನೆತ್ತಿ ಹತ್ತಿತು. ಶಿಕ್ಷಕಿಗೆ ನಗು ಬರಲಿಲ್ಲ. ಮೂರನೆಯ ತರಗತಿಯ ಯೊ ದಾ-ಓನ್ ಎಂಬ ಹುಡುಗಿಗೆ ಕಿವಿ ಮಂದ. ಪಾಠ ಮಾಡುವವರು ಕೊರಳಪಟ್ಟಿಗೆ ಒಂದು ಪುಟ್ಟ ಮೈಕ್ ಸಿಕ್ಕಿಸಿಕೊಂಡರೆ ಮಾತು ನೇರ ಅವಳ ಕಿವಿಯ ಯಂತ್ರಕ್ಕೇ ಹೋಗುತ್ತದೆ. ಆ ಮೈಕು, ಅದರ ಚಾರ್ಜರು, ಎರಡೂ ಆ ಪೆಟ್ಟಿಗೆಯಲ್ಲಿದ್ದವು.

"ಬೇರೇದು ತರಿಸೋಕಾಗಲ್ವಾ?"

"ರಾಜಧಾನಿ ಸಿಯೋಲ್‌ನಿಂದ ಬರಬೇಕು. ಮುಂದಿನ ತಿಂಗಳು ಅಂತಾರೆ. ಅಲ್ಲೀವರೆಗೂ ಆ ಮಗೂಗೆ ತರಗತಿ ಅಂದ್ರೆ ಬರೀ ಗುಂಯ್‌ಗುಟ್ಟೋ ಸದ್ದು."

ಇನ್‌ಸ್ಪೆಕ್ಟರ್ ಮಾ ಪ್ರಥಮ ವರ್ತಮಾನ ವರದಿ ದಾಖಲಿಸಿಕೊಂಡು ಟೊಪ್ಪಿ ತೆಗೆದುಕೊಂಡಳು.

ಪ್ರಸಾರ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಶಾಲೆಯ ಗುಮಾಸ್ತ ಮತ್ತು ಅಡುಗೆಯಾಕೆಯನ್ನು ಪಂಚರಾಗಿ ನಿಲ್ಲಿಸಿಕೊಂಡು ತಾಕ್ ಪಂಚನಾಮೆ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಅವನಿಗೆ ಸೋಜಿಗವಾಯಿತು. ಕೋಣೆಯಲ್ಲಿ ಚೀಟಿ ಅಂಟಿಸದ ವಸ್ತುವೇ ಇರಲಿಲ್ಲ. ಉಳಿದಿದ್ದ ಒಂದೊಂದು ವೈರಿಗೂ ಎರಡೂ ತುದಿಯಲ್ಲಿ ಹಳದಿ ಚೀಟಿ. ಕಪಾಟಿನ ಅರೆಗಳಿಗೆ ಹಸಿರು ಚೀಟಿ. ಯಾವ ಸಾಮಾನು ಎಲ್ಲಿ ಕೂರಬೇಕೋ ಅಲ್ಲಿ ಅದರ ಅಂಚಿನ ಗೆರೆ ಎಳೆದು ಹೆಸರು ಬರೆದಿತ್ತು. ಈಗ ಗೆರೆಗಳಷ್ಟೇ ಇದ್ದವು.

"ಗೋಡೆಗೊಂದು ಚೀಟಿ ಅಂಟಿಸಿಲ್ವಲ್ಲ ಟೀಚರಮ್ಮ," ಎಂದ ತಾಕ್.

"ಗೋಡೆ ಎಲ್ಲಿಗೂ ಹೋಗಲ್ಲ ಅಂದ್ಕೊಂಡಿದ್ದೆ," ಎಂದರು ಪ್ಯೋ.

ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿಯಿಂದಲೇ ತೆರೆದಿದ್ದರು.

"ಕೀಲಿ ಎಲ್ಲಿಡ್ತೀರಿ?"

ಶಿಕ್ಷಕಿ ತಲೆ ತಗ್ಗಿಸಿ ಕಿಟಕಿಯ ಪರದೆ ಸರಿಸಿದರು. ಹಿಂದೆ ಒಂದು ಮೊಳೆ. ಮೊಳೆಯಲ್ಲಿ ಕೀಲಿ. ಅದಕ್ಕೂ ಒಂದು ಚೀಟಿ: 'ಕಪಾಟಿನ ಕೀಲಿ'.

"ಇದು ಯಾರ್ಯಾರಿಗೆ ಗೊತ್ತು?"

"ಊರಿಗೇ ಗೊತ್ತು. ಕ್ರೀಡಾಕೂಟ, ಹಿರಿಯರ ದಿನ, ಯಾರು ಕೇಳಿದ್ರೂ ಮೊದಲು ಕೊಡ್ತಿದ್ವಿ. ಹೋದ ವರ್ಷ ಒಂದು ಮೈಕು ಮುರಿದು ಬಂತು, ಆಗಿಂದ ಹೊರಗೆ ಕೊಡೋದು ನಿಲ್ಲಿಸಿದ್ವಿ." ಅವರು ಪರದೆಯನ್ನು ಮತ್ತೆ ಎಳೆದರು. "ಹೆಸರು ಬರೆಯೋದ್ರಲ್ಲೇ ಇದ್ದೆ ಮೇಡಂ. ಬೀಗದ ಕಡೆ ನೋಡ್ಲಿಲ್ಲ."

ಭಾನುವಾರ ಊರಿನವರು ಬ್ಯಾಡ್ಮಿಂಟನ್ ಆಡಲೆಂದು ವ್ಯಾಯಾಮ ಶಾಲೆಯ ಬಾಗಿಲು ತೆಗೆದಿಟ್ಟಿದ್ದರು. ಅಲ್ಲಿಂದ ಒಳಗೆ ಬರುವುದು ಯಾರಿಗೂ ಕಷ್ಟವಲ್ಲ. ಗೇಟಿನ ಕ್ಯಾಮೆರಾ ಕೈತೋಟದ ಪಾತಿಯತ್ತ ಮುಖ ಮಾಡಿತ್ತು. ಹಿಂದಿನ ವರ್ಷ ಮಕ್ಕಳು ಬೆಳೆಸಿದ್ದ ಮೆಣಸಿನಕಾಯಿ ಯಾರೋ ಕಿತ್ತುಕೊಂಡು ಹೋಗಿದ್ದರಂತೆ. ತಾಕ್ ದೃಶ್ಯಗಳನ್ನೆಲ್ಲ ನೋಡಿ, "ಮೆಣಸಿನ ಗಿಡ ಕ್ಷೇಮವಾಗಿದೆ ಮೇಡಂ," ಎಂದು ವರದಿ ಒಪ್ಪಿಸಿದ.

ಹೊರಡುವ ಮುನ್ನ ಇನ್‌ಸ್ಪೆಕ್ಟರ್ ಮೂರನೆಯ ತರಗತಿಗೆ ಹೋದಳು. ದಾ-ಓನ್ ಮುಂದಿನ ಸಾಲಿನಲ್ಲಿ ಕೂತು ಮೇಜಿನ ಮೇಲೆ ಗಲ್ಲವಿಟ್ಟಿದ್ದಳು. ಮಾ ಅವಳೆದುರು ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿದಳು.

"ನಿನ್ನ ಪೆಟ್ಟಿಗೆ ಹುಡುಕ್ತಾ ಇದ್ದೀವಿ."

ಹುಡುಗಿ ದಿಟ್ಟಿಸಿ ನೋಡಿದಳು. "ಯಾಕೆ ಮೀನಿನ ಥರ ಬಾಯಿ ಆಡಿಸ್ತೀರಿ?"

ತರಗತಿಯೆಲ್ಲ ನಕ್ಕಿತು. ತಾನು ಹೇಳಿದ್ದಕ್ಕೇ ನಗುತ್ತಿದ್ದಾರೆಂದು ಗೊತ್ತಾಗದೆ ಹುಡುಗಿ ಹಿಂತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ನೋಟ ಇನ್‌ಸ್ಪೆಕ್ಟರಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

"ಪೆಟ್ಟಿಗೆ ಮೇಲೂ ಚೀಟಿ ಇತ್ತಾ?" ಎಂದು ಕಾಗದದಲ್ಲಿ ಬರೆದು ತೋರಿಸಿದಳು.

"ನಾನೇ ಬರ್ದಿದ್ದೆ. 'ಇದು ಯೊ ದಾ-ಓನ್‌ಳ ಕಿವಿ. ತಗೊಂಡೋರು ವಾಪಸ್ ಇಡಿ' ಅಂತ."

ಮಂಗಳವಾರ, ಬುಧವಾರ ಹಳೆ ಸಾಮಾನಿನ ಅಂಗಡಿಗಳನ್ನೂ ಮೊಬೈಲಿನ ಮಾರಾಟದ ತಾಣಗಳನ್ನೂ ಜಾಲಾಡಿದರು. ಅಂಥ ಮಿಕ್ಸರನ್ನು ಯಾರೂ ಮಾರಾಟಕ್ಕಿಟ್ಟಿರಲಿಲ್ಲ. ಕದ್ದವನಿಗೆ ಹಣ ಬೇಕಿಲ್ಲ, ಸಾಮಾನೇ ಬೇಕು ಎಂಬ ಗುಮಾನಿ ಇನ್‌ಸ್ಪೆಕ್ಟರ್ ಮಾಗೆ ಹುಟ್ಟಿದ್ದು ಆಗ.

ಗುರುವಾರ ಬೆಳಿಗ್ಗೆ ಪ್ಯೋ ಅವರಿಂದ ಫೋನು ಬಂತು. ಶಾಲೆಯ ಗೇಟಿಗೆ ಒಂದು ಪ್ಲಾಸ್ಟಿಕ್ ಚೀಲ ನೇತುಹಾಕಿದೆ, ಒಳಗೆ ಬೂದು ಪೆಟ್ಟಿಗೆ ಇದ್ದ ಹಾಗಿದೆ, ತಾನು ಮುಟ್ಟಿಲ್ಲ.

ತಾಕ್ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದ. ದಾ-ಓನ್‌ಳ ಚೀಟಿ ಹಾಗೆಯೇ ಇತ್ತು. ಮೈಕು ಇತ್ತು, ಚಾರ್ಜರು ಇತ್ತು. ಬೆರಳಚ್ಚು ಮಾತ್ರ ಒಂದೂ ಇಲ್ಲದಂತೆ ಒರೆಸಿದ್ದರು. ಗುಂಡಿ ಒತ್ತಿದಾಗ ಹಸಿರು ದೀಪ ಹೊತ್ತಿತು.

"ಪೂರ್ತಿ ಚಾರ್ಜ್ ಆಗಿದೆ," ಎಂದರು ಪ್ಯೋ ಅಚ್ಚರಿಯಿಂದ. "ಶುಕ್ರವಾರ ಎತ್ತಿಡುವಾಗ ಖಾಲಿಯಾಗಿತ್ತು."

"ಕದ್ದು, ಚಾರ್ಜ್ ಮಾಡಿ, ವಾಪಸ್ ಕೊಟ್ಟಿದ್ದಾನೆ," ಎಂದ ತಾಕ್. "ಇಂಥ ಕಳ್ಳನ್ನ ನಮ್ಮ ಮಾವನ ಮನೇಲೂ ಕಂಡಿಲ್ಲ."

ಮಾ ಚಾರ್ಜರಿನ ವೈರನ್ನು ನೋಡುತ್ತಿದ್ದಳು. ದುಂಡಗೆ ಸುತ್ತಿ, ಬಲೆ ಹೊಲಿಯುವ ಕೆಂಪು ದಾರದ ತುಂಡಿನಿಂದ ಕಟ್ಟಿತ್ತು. ದಾರ ಬಿಚ್ಚಿ ತುದಿ ಹಿಡಿದು ಒದರಿದಳು. ಒಂದು ಸಿಕ್ಕೂ ಇಲ್ಲದೆ ವೈರು ನೀಟಾಗಿ ಬಿಚ್ಚಿಕೊಂಡಿತು.

"ನೀವು ಹೀಗೇ ಸುತ್ತೋದಾ?"

"ಇಲ್ಲ, ನಾವು ಬೆರಳಿಗೆ ಸುತ್ತಿ ಕ್ಲಿಪ್ ಹಾಕ್ತೀವಿ. ಇದು ಒಂದು ಸುತ್ತು ಒಳಮುಖ, ಒಂದು ಸುತ್ತು ಹೊರಮುಖ. ವೇದಿಕೆ ಕೆಲಸದವರ ಸುತ್ತು."

"ಈ ಊರಲ್ಲಿ ವೇದಿಕೆ ಕೆಲಸದವರು ಯಾರಿದ್ದಾರೆ?"

"ಚರ್ಚಿನಲ್ಲಿ ಒಬ್ಬರು. ಬಂದರಿನ ಹೆಂಗಸರ ಹಾಡಿನ ತಂಡಕ್ಕೆ ಒಬ್ಬರು. ಅಷ್ಟೇ."

ತಾಕ್ ಪೆಟ್ಟಿಗೆಯನ್ನು ಸಾಕ್ಷ್ಯದ ಚೀಲಕ್ಕೆ ಹಾಕಲು ಹೊರಟ. ಮಾ ತಡೆದಳು.

"ಫೋಟೊ ತೆಗಿ, ಪಂಚನಾಮೆ ಬರಿ, ಶಾಲೆಯ ಸುಪರ್ದಿಗೆ ಕೊಡು."

"ಸಾಕ್ಷ್ಯ ಅಲ್ವಾ ಮೇಡಂ?"

"ದಾರ ಸಾಕ್ಷ್ಯ. ಅದನ್ನ ಇಟ್ಕೋ. ಕಿವೀನ ಠಾಣೇಲಿಟ್ಟು ಯಾರಿಗೆ ಕೇಳಿಸ್ಬೇಕು?"

ಪ್ಯೋ ಮೈಕನ್ನು ಕೊರಳಿಗೆ ಸಿಕ್ಕಿಸಿಕೊಂಡು ಪಡಸಾಲೆಯ ಆ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರು: "ದಾ-ಓನ್, ಇವತ್ತು ಮಧ್ಯಾಹ್ನ ಊಟಕ್ಕೇನು?"

ತರಗತಿಯೊಳಗಿಂದ ಕಟ್ಟಡವೇ ಅದುರುವಂತೆ ಉತ್ತರ ಬಂತು. "ಹುರಿದ ಹಂದಿ ಮಾಂಸ!"

ಇನ್‌ಸ್ಪೆಕ್ಟರ್ ಮಾ ಕಿಟಕಿಯತ್ತ ತಿರುಗಿ ನಿಂತಳು. ದೊಡ್ಡ ಊರಿನಲ್ಲಿ ಆಕೆ ಹುಡುಕಿಕೊಟ್ಟಿದ್ದೆಲ್ಲ ಹೆಣ, ಕತ್ತಿ, ರಕ್ತ ಹತ್ತಿದ ಅಂಗಿ. ಕಳೆದುಹೋದದ್ದು ನಗುತ್ತ ವಾಪಸ್ ಬಂದ ಪ್ರಕರಣ ಇದೇ ಮೊದಲು. ಈ ಊರಿಗೆ ತಾನು ಬಂದು ಸೇರಿದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಸಮುದ್ರದ ಕಡೆ ನೋಡಿದಳು.

ಚರ್ಚಿನ ಧ್ವನಿ ನೋಡಿಕೊಳ್ಳುವವನು ಅವರೆದುರೇ ವೈರನ್ನು ಮೊಣಕೈಗೆ ಸುತ್ತಿ ಗಂಟು ಹಾಕಿದ. ಬಿಚ್ಚಿದರೆ ಜಡೆಯಂತೆ ಹೊಸೆದುಕೊಂಡಿತು. ಅವನಲ್ಲ.

ಸಂಜೆ ಐದರ ಹೊತ್ತಿಗೆ ಇಬ್ಬರೂ ಮೀನುಗಾರರ ಸಂಘದ ಶೆಡ್ಡಿಗೆ ಹೋದರು. ಹಗಲೆಲ್ಲ ಸ್ಕ್ವಿಡ್ ಮೀನು ಸೀಳಿ ಒಣಹಾಕುವ ಹೆಂಗಸರು ರಬ್ಬರ್ ಬೂಟಿನಲ್ಲೇ ಸಾಲಾಗಿ ನಿಂತು ಹಾಡುತ್ತಿದ್ದರು. ಶನಿವಾರ ಪಕ್ಕದ ಪಟ್ಟಣದಲ್ಲಿ ಸ್ಪರ್ಧೆ. ಮೂಲೆಯಲ್ಲಿ ಒಂದು ಮಿಕ್ಸರ್, ಅದರ ಹಿಂದೆ ಬೆನ್ನು ಬಾಗಿದ, ಐವತ್ತು ದಾಟಿದ ಮನುಷ್ಯ. ಕ್ವಾಕ್ ದೊಂಗ್-ಷಿಕ್. ಗೋಡೆಯ ಮೊಳೆಗಳಲ್ಲಿ ವೈರಿನ ಸುರುಳಿಗಳು, ಒಂದೊಂದಕ್ಕೂ ಕೆಂಪು ದಾರ. ಮಿಕ್ಸರಿನ ಮುಂಭಾಗದಲ್ಲಿ ಚೀಟಿ ಕೆರೆದ ಅಂಟು ಚೌಕಾಕಾರವಾಗಿ ಉಳಿದು ಧೂಳು ಹಿಡಿದಿತ್ತು.

ಕ್ವಾಕ್ ಪೊಲೀಸರನ್ನು ನೋಡಿದ. ಓಡಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ, "ಈ ಹಾಡೊಂದು ಮುಗೀಲಿ ಮೇಡಂ. ನಡುವೆ ನಿಂತ್ರೆ ಅವರಿಗೆ ಶ್ರುತಿ ತಪ್ಪುತ್ತೆ."

ಮಾ ಗೋಡೆಗೊರಗಿ ನಿಂತಳು. ಹಾಡು ಮುಗಿಯಿತು. ಆಮೇಲೆ ಕ್ವಾಕ್‌ನನ್ನು ಹೊರಗೆ, ಐಸಿನ ಗೋದಾಮಿನ ಹಿಂದಕ್ಕೆ ಕರೆದೊಯ್ದಳು. ತಾಕ್ ಮಿಕ್ಸರನ್ನು ಹೊತ್ತು ತಂದು ಮಗುಚಿ ಹಾಕಿದ. ಅಡಿಯಲ್ಲಿ ಇನ್ನೊಂದು ಹಳದಿ ಚೀಟಿ: 'ಸೋಲ್‌ಪೊ ಶಾಲೆ, ಪ್ರಸಾರ ಕೋಣೆ, ಎರಡನೇ ಅರೆ'.

"ಟೀಚರಮ್ಮ ಹೊಟ್ಟೆಗೂ ಅಂಟಿಸಿದ್ದಾರೆ," ಎಂದ ತಾಕ್.

"ಇದು ನಿನ್ನದಾ?" ಎಂದು ಮಾ ಕೇಳಿದಳು.

"ಅಲ್ಲ."

"ಯಾವಾಗ ತಗೊಂಡೆ?"

"ಭಾನುವಾರ ಸಂಜೆ. ಕೀಲಿ ಪರದೆ ಹಿಂದೆ ಇರುತ್ತೆ ಅಂತ ಗೊತ್ತಿತ್ತು. ಮೊದಲು ಅಲ್ಲಿಂದ್ಲೇ ಸಾಲ ತರ್ತಿದ್ವಿ."

"ಬೂದು ಪೆಟ್ಟಿಗೆ ಯಾಕೆ ವಾಪಸ್ ಕೊಟ್ಟೆ?"

"ಅದೂ ಮೈಕೇ ಅಂದ್ಕೊಂಡು ಎಲ್ಲದರ ಜೊತೆ ಎತ್ಕೊಂಡು ಬಂದಿದ್ದೆ, ಚೀಲದಿಂದ ಹೊರಗೇ ತೆಗೆದಿರ್ಲಿಲ್ಲ. ಮಂಗಳವಾರ ತಾಲೀಮಿನಲ್ಲಿ ಎರಡನೇ ಸಾಲಿನ ಯಂಗ್-ಸುಕ್‌ಗೆ ದನಿಯೇ ಹೊರಡ್ಲಿಲ್ಲ. ಏನಮ್ಮಾ ಅಂದೆ. ಅವಳೇ ದಾ-ಓನ್ ತಾಯಿ. ಮಗಳ ಮೈಕ್ ಯಾರೋ ಕದ್ದಿದ್ದಾರೆ, ಮಗು ಶಾಲೆಗೆ ಹೋಗಲ್ಲ ಅಂತ ಅಳುತ್ತೆ ಅಂದ್ಳು. ಮನೆಗೆ ಹೋಗಿ ಪೆಟ್ಟಿಗೆ ನೋಡ್ದೆ. ಮಗೂನ ಅಕ್ಷರ..." ಅವನು ಮಗುಚಿದ ಮಿಕ್ಸರಿನ ಚೀಟಿಯತ್ತ ನೋಡಿದ. "ಬೇರೆ ಸಾಮಾನಿನ ಮೇಲೆ ಕಂಡ ಚೀಟಿಗಳನ್ನೆಲ್ಲ ಕೆರೆದಿದ್ದೆ ಮೇಡಂ. ಅದನ್ನ ಮುಟ್ಟೋಕೆ ಕೈ ಬರ್ಲಿಲ್ಲ."

"ಕೊಟ್ರೆ ಸಿಕ್ಕಿಬೀಳ್ತೀಯ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಮಾ ಬಂಧನದ ಕಾರಣವನ್ನೂ ಅವನ ಹಕ್ಕುಗಳನ್ನೂ ಓದಿ ಹೇಳಿದಳು. ಹೆಂಗಸರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಓಣಿಯಿಂದಲೇ ಜೀಪಿಗೆ ಹತ್ತಿಸಿದರು. ಕೈಗೆ ಕೋಳ ಹಾಕಲಿಲ್ಲ.

ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹರೆಯದಲ್ಲಿ ದೂರದ ಊರಿನ ರಾತ್ರಿ ಕ್ಲಬ್ಬುಗಳಲ್ಲಿ ಧ್ವನಿಯ ಕೆಲಸ ಮಾಡಿದವನು. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಮರಳಿ, ದೋಣಿಯಲ್ಲಿ ಕೂಲಿ ಮಾಡುತ್ತ, ಯಾರೊಡನೆಯೂ ಮಾತಿಲ್ಲದೆ ಬದುಕಿದ್ದ. ಒಂದು ದಿನ ಈ ಹೆಂಗಸರು ಅವನ ಬಾಗಿಲು ಬಡಿದು, ನಮ್ಮ ಹಾಡಿಗೆ ಮೈಕ್ ಕಟ್ಟಿಕೊಡು ಎಂದರು. ಅಂದಿನಿಂದ 'ಡೈರೆಕ್ಟರ್ ಸಾಹೇಬ್ರು' ಎಂದೇ ಕರೆದರು. ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕಿದಾಗ ಅವನ ಪಾಲಿನ ಜಾಡಿ ಮನೆಗೆ ಬಂತು. ಜ್ವರ ಬಂದಾಗ ಗಂಜಿ ಬಂತು. ಈ ಸಲದ ಬಿರುಗಾಳಿಗೆ ಶೆಡ್ಡಿಗೆ ಉಪ್ಪುನೀರು ನುಗ್ಗಿ ಅವನ ಹಳೆಯ ಮಿಕ್ಸರ್ ಸತ್ತುಹೋಯಿತು. ಸ್ಪರ್ಧೆಗೆ ಏನು ಗತಿ ಎಂದು ಅವರು ಕೇಳಿದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: ಹೊಸದು ತಂದಿದ್ದೀನಿ.

"ಸ್ಪರ್ಧೆ ಮುಗಿದ ಮೇಲೆ ಇದ್ದಲ್ಲೇ ಇಡ್ಬೇಕು ಅಂತಿದ್ದೆ," ಎಂದ. "ನನ್ನ ಹತ್ರ ಇಲ್ಲ ಅನ್ನೋಕೆ ಆಗ್ಲಿಲ್ಲ ಮೇಡಂ. ಅವರು ನಂಗೆ ಒಂದ್ಸಲಾನೂ ಇಲ್ಲ ಅಂದಿರ್ಲಿಲ್ಲ."

ಕೃತ್ಯದ ಉದ್ದೇಶ ಎಂಬ ಕಡೆ ಮಾ ಆ ಮಾತನ್ನು ಹಾಗೆಯೇ ಬರೆದಳು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಮಿಕ್ಸರ್ ಸಿಕ್ಕಿತೆಂದು ತಾಕ್ ಶಾಲೆಗೆ ಫೋನು ಮಾಡಿದ್ದೇ ಸುದ್ದಿ ಹಬ್ಬಿ, ಇಡೀ ತಂಡವೇ ಬಂದಿತ್ತು. ಮುಂದೆ, ತಂಡದ ಹಿರಿಯಳಾದ ಮ್ಯಾಂಗ್ ಅಜ್ಜಿ, ಕೈಯಲ್ಲಿ ಹಬೆಯಾಡುವ ಸಾರಿನ ಪಾತ್ರೆ, ಸೌಟು. ಹಿಂದೆ ದಾ-ಓನ್‌ಳ ತಾಯಿ ಯಂಗ್-ಸುಕ್, ಅತ್ತು ಕಣ್ಣು ಊದಿದವಳು. ಅವಳ ಪಕ್ಕದಲ್ಲಿ ಪ್ಯೋ ಟೀಚರು.

"ಎಲ್ಲಿ ಆ ಮುಂಡೇಗಂಡ?" ಅಜ್ಜಿ ಕ್ವಾಕ್‌ನನ್ನು ಕಂಡವಳೇ ಗದರಿದಳು. "ಇಲ್ಲ ಅಂದಿದ್ರೆ ಬಾಯಲ್ಲೇ ಹಾಡ್ತಿದ್ವಲ್ಲೋ! ಗಾಳಿಗೆದುರಾಗಿ ದೋಣಿಯಿಂದ ದೋಣಿಗೆ ಕೂಗಿದ ಗಂಟಲು ಕಣೋ ಇದು. ಮೈಕ್ ಯಾವನಿಗೆ ಬೇಕಿತ್ತು? ನೀನು ಬೇಕಿದ್ದೆ!"

ಕ್ವಾಕ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಶನಿವಾರ ಶಾಲೆಯ ಸಾಮಾನು ನಾನೇ ತರ್ತೀನಿ," ಎಂದರು ಪ್ಯೋ. "ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಇನ್ಮೇಲೆ ಬೀಗ ಹಾಕ್ತೀವಿ, ಕೇಳಿದವರಿಗೆ ಕೊಡ್ತೀವಿ. ಎರಡೂ."

"ಪ್ರಕರಣ ಮಾತ್ರ ನ್ಯಾಯಾಲಯಕ್ಕೆ ಹೋಗುತ್ತೆ," ಎಂದಳು ಮಾ. "ಅದನ್ನ ನಾನು ತಡೆಯೋಕಾಗಲ್ಲ. ನಡೆದದ್ದನ್ನೆಲ್ಲ ಬರೆದಿದ್ದೀನಿ, ವಾಪಸ್ ಕೊಟ್ಟಿದ್ದನ್ನೂ."

ಯಂಗ್-ಸುಕ್ ಅಜ್ಜಿಯ ಕೈಯಿಂದ ಸೌಟು ತೆಗೆದುಕೊಂಡು ಒಂದು ಬಟ್ಟಲಿಗೆ ಪೊಲಾಕ್ ಮೀನಿನ ಸಾರು ಬಡಿಸಿದಳು. ಎರಡೂ ಕೈಯಲ್ಲಿ ಹಿಡಿದು ಇನ್‌ಸ್ಪೆಕ್ಟರಳ ಮುಂದೆ ತಲೆ ಬಾಗಿಸಿದಳು. "ಮಗಳ ಕಿವಿ ಕೊಡಿಸಿದ್ರಿ ಮೇಡಂ. ಈ ಋಣ ಹೇಗೆ ತೀರಿಸ್ಲಿ?"

ಮಾ ಬಟ್ಟಲು ಮುಟ್ಟಲಿಲ್ಲ. "ಕೊಡಿಸಿದ್ದು ನಾನಲ್ಲಮ್ಮ. ನಾನು ಹುಡುಕ್ತಾ ಇದ್ದೆ ಅಷ್ಟೇ. ತಂದು ಕೊಟ್ಟೋರು ಅಲ್ಲಿ ಕೂತಿದ್ದಾರೆ."

ಯಂಗ್-ಸುಕ್ ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬಂತು, ಹೋಯಿತು, ಮತ್ತೆ ಬಂತು. ಬಟ್ಟಲಿನ ಸಾರು ತುಳುಕಿ ಬೆರಳು ಸುಟ್ಟರೂ ಅವಳಿಗೆ ಗೊತ್ತಾದಂತೆ ಕಾಣಲಿಲ್ಲ. ಕೊನೆಗೆ ನಾಲ್ಕು ಹೆಜ್ಜೆ ನಡೆದು ಬಟ್ಟಲನ್ನು ಕ್ವಾಕ್‌ನ ಮುಂದೆ ಮೇಜಿನ ಮೇಲೆ ಠಕ್ಕೆಂದು ಇಟ್ಟಳು.

"ಆರೋಕೆ ಮುಂಚೆ ಉಣ್ಣಿ, ಡೈರೆಕ್ಟರ್ ಸಾಹೇಬ್ರೆ."