ಮೀರಗಂಜದ ಕೀಲಿ

ಮಚ್ಛೇಂದ್ರ ಮೂರನೇ ಸಲ ಬಂದಿದ್ದ. ಮೊದಲೆರಡು ಸಲ ಕೀಲಿ ಒಯ್ಯಲೆಂದೇ ಬಂದು, ಚಹಾ ಕುಡಿದು, ಕೀಲಿ ಬಿಟ್ಟು ಹೋಗಿದ್ದ.

"ಇವತ್ತು ಒಯ್ಯಲೇಬೇಕ್ರಿ," ಎಂದ, ಹೊಸ್ತಿಲಾಚೆ ನಿಂತೇ. "ಬೀದರ ಆಫೀಸಿನ ಸಾಹೇಬ್ರು ಕಾಗದ ಕೊಟ್ಟಾರ."

"ಒಯ್ರಿ. ನಾ ಎಲ್ಲಿ ಹಿಡಕೊಂಡೀನಿ?"

ಕೌಸಲ್ಯಾ ಬಟ್ಟೆಯ ಗಂಟು ಬಿಗಿಯುತ್ತಿದ್ದಳು. ಅವನಿಗೆ ಕಾಣಲಿ ಎಂದೇ ಅದನ್ನು ಬಾಗಿಲಲ್ಲಿ ಇಟ್ಟಿದ್ದಳು. ಅವನಿಗೆ ಕಂಡಿತು.

"ಎಲ್ಲಿಗ್ರಿ?"

"ಮುಂಬೈ. ಮಾಮಾನ ಜೋಡಿ. ಒಂದು ಗಂಟೆಗೆ ಬಸ್ಸು."

ಅವನು ಹೊರಗಿನ ಗೋಡೆಗೆ ಒರಗಿದ್ದ ಕೀಲಿಯನ್ನು ಹೆಗಲಿಗೇರಿಸಿದ. ನೀರಿನ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆ, ತುದಿಯಲ್ಲಿ ಅಡ್ಡ ಹಿಡಿ.

ಮೀರಗಂಜಕ್ಕೆ ತನ್ನದೇ ಪುರಸಭೆ ಇತ್ತು, ತನ್ನದೇ ನೀರಿನ ಟಾಕಿ, ತನ್ನದೇ ವಾಲ್‌ಮನ್. ಆ ವಾಲ್‌ಮನ್ ಕೌಸಲ್ಯಾಳ ಅಪ್ಪ. ಅವನ ಬಲಗೈಗೆ ಲಕ್ವಾ ಹೊಡೆದ ಮೇಲೆ ಆರು ವರ್ಷ ವಾಲ್ವು ತಿರುಗಿಸಿದವಳು ಇವಳು. ರಿಜಿಸ್ಟರಿನಲ್ಲಿ ಹೆಸರು ಅಪ್ಪನದು, ತೋಳು ಇವಳದು. ಊರಿಗೆಲ್ಲ ಗೊತ್ತಿತ್ತು, ಯಾರೂ ಆಡಲಿಲ್ಲ. ಹೋದ ಚೈತ್ರದಲ್ಲಿ ಅಪ್ಪ ತೀರಿಕೊಂಡ. ಆಷಾಢದಲ್ಲಿ ಪುರಸಭೆಯೂ ಹೋಯಿತು. ಬೀದರಿಗೆ ಸೇರಿ ಮೀರಗಂಜ ಹನ್ನೊಂದನೇ ವಾರ್ಡಾಯಿತು, ಹಳೆ ಬೋರ್ಡಿಗೆ ಸುಣ್ಣ ಬಿತ್ತು. ನೀರು ಬಿಡಲು ಶಹರದವರು ಔರಾದದ ಮಚ್ಛೇಂದ್ರನನ್ನು ನೇಮಿಸಿದರು. ಆದರೂ ಶಹರದ ಗಾಂಧಿ ಗಂಜ್ ಪೇಟೆಗೆ ಹೊರಟವರು ಇನ್ನೂ "ಬೀದರಕ್ಕ ಹೋಗಿ ಬರ್ತೇನಿ" ಅನ್ನುತ್ತಾರೆ.

ಈ ಎಪ್ಪತ್ತೆರಡರ ಬರಕ್ಕೆ ಅರ್ಧ ಓಣಿ ಮನೆಗೆ ಬೀಗ ಹಾಕಿ ಮುಂಬೈ ಹಾದಿ ಹಿಡಿದಿತ್ತು. ಉಳಿದವರಿಗೆ ನಾಲ್ಕು ದಿನಕ್ಕೊಮ್ಮೆ, ಹನ್ನೆರಡರಿಂದ ಎರಡರತನಕ ನೀರು.

ವಾಲ್ವಿನ ಗುಂಡಿಯ ಹತ್ತಿರ ಕೊಡಗಳ ಸಾಲು. ಮುಂದೆ ಪಕ್ಕದ ಮನೆಯ ಮುದುಕಿ ಕೇಶರಬಾಯಿ.

"ಏ ಔರಾದ ಸಾಹೇಬ, ನೀರು ಬಿಡ್ತೀಯೋ, ನಮ್ಮ ಕೌಸಿನ್ನ ನೋಡಕೋತ ನಿಂದರ್ತೀಯೋ?"

ಹೆಂಗಸರು ನಕ್ಕರು. ಅವನ ಕಿವಿ ಕೆಂಪಾಯಿತು. ಗುಂಡಿಗೆ ಕೀಲಿ ಇಳಿಸಿ ಎಡಕ್ಕೆ ಜಗ್ಗಿದ.

ಶಹರದ ವಾಲ್ವುಗಳು ಎಡಕ್ಕೆ ತೆರೆಯುತ್ತವೆ. ಮೀರಗಂಜದ್ದು ಬಲಕ್ಕೆ.

ಅವನ ಹಿಂದೆಯೇ ಬಂದಿದ್ದ ಕೌಸಲ್ಯಾ ಬೇವಿನ ಕೆಳಗೆ ನಿಂತು ನೋಡಿದಳು. ಅವನು ಮತ್ತೆ ಜಗ್ಗಿದ. ಕಬ್ಬಿಣ ಕಿರುಗುಟ್ಟಿತು. ಇನ್ನೆರಡು ಸಲ ಜಗ್ಗಿದರೆ ಒಳಗಿನ ದಂಡ ಮುರಿಯುತ್ತದೆ. ಮುರಿದರೆ ಇವನ ನೌಕರಿ ಹೋಗುತ್ತದೆ, ತನ್ನ ಬೆಲೆ ಶಹರಕ್ಕೆ ತಿಳಿಯುತ್ತದೆ. ತಾನು ಸುಮ್ಮನಿದ್ದರೆ ಸಾಕು. ಆರು ವರ್ಷ ಯಾರೂ ಕೇಳದ್ದನ್ನು ಇವತ್ತು ಯಾಕೆ ಹೇಳಬೇಕು?

ಅವನ ಮುಂಗೈಯ ನರ ಉಬ್ಬಿದ್ದವು. ಕೇಶರಬಾಯಿಯ ಒಣ ಕೊಡದೊಳಗೆ ಒಂದು ಜೇಡ ಓಡಾಡುತ್ತಿತ್ತು.

"ಕೈ ಬಿಡ್ರಿ!"

ಅವಳು ಅಡ್ಡ ಹಿಡಿಯ ಇನ್ನೊಂದು ತುದಿಗೆ ಬಂದಿದ್ದಳು. "ಬಲಕ್ಕ. ಮೆತ್ತಗ. ಇಪ್ಪತ್ತೆರಡು ಸುತ್ತು."

ಎದುರುಬದುರು ಹಿಡಿದು ಇಬ್ಬರೂ ಗುಂಡಿಯ ಸುತ್ತ ನಡೆಯತೊಡಗಿದರು.

"ನಮ್ಮ ಮದುವ್ಯಾಗ ಏಳೇ ಸುತ್ತು ಹಾಕಿದ್ವಿ," ಕೇಶರಬಾಯಿ ಕೂಗಿದಳು. "ಇವರಿಗಿ ಇಪ್ಪತ್ತೆರಡು ಬೇಕಂತ!"

ಕೌಸಲ್ಯಾ ನೆಲ ನೋಡಿದಳು. ಅವನು ಅವಳನ್ನೇ ನೋಡಿದ.

"ಮೊದಲೇ ಯಾಕ ಹೇಳಲಿಲ್ರಿ?"

"ನೀವು ಯಾಕ ಕೇಳಲಿಲ್ರಿ? ಎರಡು ಸಲ ಚಹಾ ಕುಡದ್ರಿ."

"ಕೇಳಿದ್ರ ಕಲೀಬೇಕಾಗ್ತಿತ್ತು. ಕಲ್ತ್ರ ಕೀಲಿ ಒಯ್ಯಬೇಕಾಗ್ತಿತ್ತು."

ಅವಳ ಹೆಜ್ಜೆ ಒಮ್ಮೆ ತಪ್ಪಿತು. ಹದಿನಾಲ್ಕನೇ ಸುತ್ತಿಗೆ ಪೈಪು ಗೊರಗುಟ್ಟಿತು. ಇಪ್ಪತ್ತೆರಡಕ್ಕೆ ನೀರು ಬಂತು, ಹೆಂಗಸರು ನಳದ ಕಡೆ ಓಡಿದರು.

ಅವನು ಜೇಬಿನಿಂದ ಸಾಹೇಬರ ಕಾಗದ ತೆಗೆದು, ಮೊಣಕಾಲ ಮೇಲಿಟ್ಟು, ಹಿಂಬದಿಗೆ ಬರೆದ. ಅವಳು ಬಗ್ಗಿ ಓದಿದಳು: ಮೀರಗಂಜದ ವಾಲ್ವಿಗೆ ಇಬ್ಬರು ಬೇಕು. ಇನ್ನೊಬ್ಬರು ಕೌಸಲ್ಯಾ.

"ಸುಳ್ಳ ಬರದೀರಿ. ಆರು ವರ್ಷ ನಾ ಒಬ್ಬಾಕಿನೇ ತಿರುವೀನಿ."

"ನನಗ ಒಬ್ಬನಿಂದ ಆಗಂಗಿಲ್ರಿ. ಅದು ಸುಳ್ಳಲ್ಲ."

"ಸಾಹೇಬ್ರು ಒಪ್ಪದಿದ್ರ?"

"ನನ್ನ ಪಗಾರದಾಗ ಇಬ್ಬರೂ ಉಣ್ಣೋಣು."

ಅವಳ ಮುಖ ಬಿಗಿಯಿತು. "ನನಗ ಉಣ್ಣಾಕಲ್ರಿ, ತಿರುವಾಕ ಬೇಕು. ನನ್ನ ಹೆಸರಲೆ."

"ಅದಕ್ಕ ಹೆಸರು ಬರದೀನಿ. ಒಪ್ಪೋತನಕ ದಿನಾ ಬರೀತೇನಿ."

ಓಣಿಯ ತುದಿಯಲ್ಲಿ ಮಾಮಾ ಗಂಟು ಎತ್ತಿಕೊಂಡು ನಿಂತಿದ್ದ. "ಏ ಕೌಸಿ, ಬಸ್ಸಿನ ಟೈಮ್ ಆತು!"

ಅವಳು ಮಾಮಾನನ್ನು ನೋಡಿದಳು. ಆಮೇಲೆ, ಮಚ್ಛೇಂದ್ರ ಮತ್ತೆ ಹಿಡಿದು ನಿಂತಿದ್ದ ಕೀಲಿಯನ್ನು.

"ಎರಡಕ್ಕ ಬಂದ್ ಮಾಡಬೇಕ್ರಿ," ಎಂದಳು ಮೆಲ್ಲಗೆ. "ಎಡಕ್ಕ, ಇಪ್ಪತ್ತೆರಡು ಸುತ್ತು. ಅಲ್ಲೀತನಕ ಬರ್ರಿ, ಚಹಾ ಮಾಡ್ತೇನಿ."